ಎಳೆಯ ಪಂಚನ ಕೈಗೆ ಸೀಟಿ

ಕಾಲ್ಚೆಂಡಾಟದ ಬಯಲಿನಲ್ಲಿ ಎಷ್ಟು ಜನರಿರುತ್ತಾರೆಂದು ಯಾರನ್ನು ಕೇಳಿದರೂ ಇಪ್ಪತ್ತೆರಡು ಎಂದು ಉತ್ತರ ಬರುತ್ತದೆ. ಇಪ್ಪತ್ತಮೂರನೆಯವನೊಬ್ಬನು ಅವರ ನಡುವೆಯೇ ಓಡುತ್ತಿರುತ್ತಾನೆ. ಅವನು ಚೆಂಡನ್ನು ಒದೆಯುವದಿಲ್ಲ, ಗೋಲು ಹೊಡೆಯುವದಿಲ್ಲ. ಅವನಿಗಾಗಿ ಯಾರೂ ಚಪ್ಪಾಳೆ ತಟ್ಟುವದಿಲ್ಲ. ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದ ದಿನ ಅವನು ಅಲ್ಲಿದ್ದನೆಂಬದೇ ನೋಡುವವರ ಲಕ್ಷ್ಯಕ್ಕೆ ಬರುವದಿಲ್ಲ. ಒಂದು ಸಲ ತಪ್ಪಿದರೆ ಮಾತ್ರ ಊರಿಗೆಲ್ಲ ಅವನ ಹೆಸರು ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಅವನಿಗೆ ರೆಫ್ರಿ ಎನ್ನುತ್ತಾರೆ. ನಮ್ಮ ಭಾಗದ ಕುಸ್ತಿಯ ಕಣದಲ್ಲಿ ಇಂಥವನಿಗೆ ಪಂಚ ಎಂಬ ಒಳ್ಳೆಯ ಹೆಸರಿದೆ. ಈ ಲೇಖನದಲ್ಲಿ ನಾನು ಅದೇ ಶಬ್ದವನ್ನು ಬಳಸುತ್ತೇನೆ.

ಹನ್ನೆರಡು-ಹದಿಮೂರು ವಯಸ್ಸಿನ ಹುಡುಗನೋ ಹುಡುಗಿಯೋ ತಾನು ಪಂಚನಾಗಬೇಕೆಂದು ಮುಂದೆ ಬಂದರೆ ಹಿರಿಯರಾದವರು ಏನು ಮಾಡಬೇಕು? ಎಲ್ಲಿಂದ ಆರಂಭಿಸಬೇಕು? ಯಾವದನ್ನು ಮೊದಲು ಕಲಿಸಬೇಕು, ಯಾವದನ್ನು ಮುಂದಕ್ಕೆ ಇಡಬೇಕು? ಎಂಟನೆಯ ಇಯತ್ತೆಯಲ್ಲಿ ಓದುವ ನನ್ನ ತಮ್ಮನು ಕಳೆದ ವರ್ಷ ಈ ಹಟ ಹಿಡಿದುದರಿಂದ ನಾನು ಈ ಪ್ರಶ್ನೆಗಳನ್ನು ವಿಚಾರಿಸಬೇಕಾಯಿತು. ಅವನಿಗೆ ಒಳ್ಳೆಯ ಓಟವಿದೆ. ಆದರೆ ಚೆಂಡು ಅವನ ಕಾಲಿನ ಮಾತು ಕೇಳುವದಿಲ್ಲ. ಅವನಿಗೆ ಸಹಾಯ ಮಾಡುತ್ತ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಅನೇಕರು ನಾಳೆ ಶಾಲೆಯ ಮಾಸ್ತರರೂ ಅಕ್ಕೋರೂ ಆಗುವವರು. ಅವರ ಮುಂದೆಯೂ ಇಂಥ ಒಂದು ಮಗು ಬಂದು ನಿಲ್ಲಬಹುದು.

ಪಂಚನು ಆಟದ ಜೊತೆಗೇ ಹುಟ್ಟಿದವನಲ್ಲ. 1863ರಲ್ಲಿ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಅಸೋಸಿಯೇಶನ್ ಎಂಬ ಸಂಸ್ಥೆಯು ಹುಟ್ಟಿ ಮೊದಲ ನಿಯಮಗಳನ್ನು ಬರೆದಾಗ ಅವುಗಳಲ್ಲಿ ಪಂಚನ ಪ್ರಸ್ತಾಪವೇ ಇರಲಿಲ್ಲ. ಸಭ್ಯ ಗೃಹಸ್ಥರು ಆಡುವ ಆಟ, ತಂಟೆ ಬಂದರೆ ನಾಯಕರಿಬ್ಬರೂ ಮಾತಾಡಿ ಬಗೆಹರಿಸಿಕೊಳ್ಳುವರು ಎಂಬ ನಂಬಿಗೆ. ಆ ನಂಬಿಗೆ ಬಹಳ ದಿನ ಬಾಳಲಿಲ್ಲ. ಮುಂದೆ ಪ್ರತಿಯೊಂದು ತಂಡವೂ ತನ್ನ ಕಡೆಯಿಂದ ಒಬ್ಬೊಬ್ಬ ಅಂಪೈರನನ್ನು ಕರೆತರತೊಡಗಿತು. ತನ್ನ ಪಕ್ಷದವನು ತನ್ನ ಪಕ್ಷದ ಮಾತನ್ನೇ ಆಡುವದು ಸಹಜ. ಅವರಿಬ್ಬರಿಗೂ ಒಮ್ಮತವಾಗದಿದ್ದಾಗ ಗೆರೆಯ ಹೊರಗೆ ನಿಂತ ಮೂರನೆಯವನ ಕಡೆಗೆ ವಿಷಯವನ್ನು ಒಯ್ಯುತ್ತಿದ್ದರು. ಹೀಗೆ ತಂಟೆಯನ್ನು ಯಾರ ಕಡೆಗೆ ಒಯ್ಯುವರೋ ಅವನೇ ರೆಫ್ರಿ. ಆ ಶಬ್ದದ ಅರ್ಥವೇ ಅದು. 1891ರಲ್ಲಿ ಅವನನ್ನು ಗೆರೆಯ ಒಳಗೆ ಕರೆದು ಪೂರ್ಣ ಅಧಿಕಾರವನ್ನು ಕೊಟ್ಟರು. ಅಂಪೈರರಿಬ್ಬರೂ ಧ್ವಜ ಹಿಡಿದು ಗೆರೆಯ ಬದಿಗೆ ಸರಿದರು. 1996ರಿಂದ ಅವರಿಗೆ ಸಹಾಯಕ ಪಂಚರೆಂದು ಹೆಸರು.

ಕುತೂಹಲದ ಸಂಗತಿಯೆಂದರೆ ನಮ್ಮೂರಿನ ಯಾವ ಬಯಲಿಗೆ ಹೋದರೂ ಈ ಇತಿಹಾಸವೆಲ್ಲ ಒಂದೇ ಸಂಜೆಯಲ್ಲಿ ಕಣ್ಣೆದುರಿಗೆ ನಡೆಯುತ್ತದೆ. ಹುಡುಗರು ಪಂಚನಿಲ್ಲದೆ ಆಟ ಹೂಡುತ್ತಾರೆ. ಹತ್ತು ನಿಮಿಷಕ್ಕೆ ಜಗಳ ಬರುತ್ತದೆ. ಎರಡೂ ಕಡೆಯ ದೊಡ್ಡ ಹುಡುಗರು ವಾದಿಸುತ್ತಾರೆ. ಕಡೆಗೆ ಯಾರ ಗಂಟಲು ದೊಡ್ಡದೋ, ಅಥವಾ ಚೆಂಡು ಯಾರದೋ, ಅವರ ಮಾತು ಗೆಲ್ಲುತ್ತದೆ. ಇಲ್ಲವೆ ಚೆಂಡಿನ ಒಡೆಯ ಚೆಂಡನ್ನು ಬಗಲಲ್ಲಿಟ್ಟುಕೊಂಡು ಮನೆಗೆ ನಡೆಯುತ್ತಾನೆ. ಗಂಟಲಿಗೂ ಒಡೆತನಕ್ಕೂ ಮೀರಿದ ಮೂರನೆಯ ಮಾತೊಂದು ಬೇಕೆಂದು ಮಕ್ಕಳಿಗೆ ತಾವಾಗಿಯೇ ತೋರುವ ಕ್ಷಣ ಅದು. ಪಂಚನ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.

ನಮ್ಮ ನಾಡಿಗೆ ಕಾಲ್ಚೆಂಡು ಹೊಸದಲ್ಲ. ಬೆಂಗಳೂರಿನ ದಂಡುಪ್ರದೇಶದ ಸುತ್ತಲಿನ ಓಣಿಗಳಲ್ಲಿ ಅದು ಬೇರೂರಿತು. ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿಯೂ 1938ರಲ್ಲಿಯೂ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಸೈನಿಕ ತಂಡಗಳ ಕೈಯಲ್ಲಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಅದು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಮೊದಲ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಮೈಸೂರು ರಾಜ್ಯದ ತಂಡವು 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ ಟ್ರೋಫಿಯನ್ನು ಪಡೆಯಿತು. ಆಮೇಲೆ ಐವತ್ತಕ್ಕೂ ಹೆಚ್ಚು ವರ್ಷ ಕಾದು, 2023ರ ಮಾರ್ಚಿನಲ್ಲಿ ರಿಯಾದ ಪಟ್ಟಣದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕವು ಅದನ್ನು ಮತ್ತೆ ಮನೆಗೆ ತಂದಿತು. ಈ ಗೆಲವುಗಳನ್ನು ಬಲ್ಲವರು ನಮ್ಮಲ್ಲಿ ಇದ್ದಾರೆ. ಆ ಪಂದ್ಯಗಳಲ್ಲಿ ಸೀಟಿ ಊದಿದವರ ಹೆಸರು ಹೇಳಿರೆಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಪಂಚನಾಗಬಯಸುವ ಮಗುವಿಗೆ ಇದನ್ನು ಮೊದಲ ದಿನವೇ ಹೇಳಿಬಿಡುವದು ಒಳ್ಳೆಯದು. ಹೆಸರಿನ ಆಸೆಯಿಂದ ಬಂದವರು ಈ ಕೆಲಸದಲ್ಲಿ ಬಹಳ ದಿನ ಉಳಿಯುವದಿಲ್ಲ.

ಈಗ ನಮ್ಮ ಊರಿನ ಮಾತು. ಸತ್ತೂರವು ಹುಬ್ಬಳ್ಳಿ-ಧಾರವಾಡಗಳ ನಡುವೆ, ಹಳೆಯ ಪುಣೆ-ಬೆಂಗಳೂರು ರಸ್ತೆಯ ಮಗ್ಗುಲಲ್ಲಿ ಇದೆ. 1962ರಲ್ಲಿ ಎರಡೂ ಶಹರಗಳಿಗೆ ಕೂಡಿ ಒಂದೇ ಮಹಾನಗರಪಾಲಿಕೆ ಆಯಿತು. ಆಮೇಲೆ ನಡುವಿನ ಹಳ್ಳಿಗಳು ಒಂದೊಂದಾಗಿ ಶಹರದ ಮೈಗೆ ಹತ್ತಿಕೊಂಡವು. ಇಂದು ಸತ್ತೂರಲ್ಲಿ ದೊಡ್ಡ ವೈದ್ಯಕೀಯ ಕಾಲೇಜೂ ಆಸ್ಪತ್ರೆಯೂ ಇವೆ. ರಸ್ತೆಯ ನಟ್ಟನಡುವೆ ಚಿಗರಿ ಬಸ್ಸುಗಳು ಓಡುತ್ತವೆ. ಒಂದು ಕಡೆ ಹಿತ್ತಲಲ್ಲಿ ಎಮ್ಮೆ ಕಟ್ಟುವ ಹಳೆಯ ಮನೆಗಳು, ಇನ್ನೊಂದು ಕಡೆ ಹೊಸ ಬಡಾವಣೆಗಳು. ಆಡುವ ಬಯಲು ಮಾತ್ರ ಎರಡಕ್ಕೂ ಒಂದೇ. ಒಕ್ಕಲುತನದವರ ಮಕ್ಕಳು, ಗೌಂಡಿಗಳ ಮಕ್ಕಳು, ಡಾಕ್ಟರರ ಮಕ್ಕಳು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಇಂಥಲ್ಲಿ ಪಂಚನಾಗುವದೆಂದರೆ ಚೆಂಡು ಗೆರೆ ದಾಟಿತೇ ಇಲ್ಲವೇ ಎಂದು ಹೇಳುವದಷ್ಟೇ ಆಗುವದಿಲ್ಲ. ಯಾರ ಮಗ ಯಾರ ಮಗನಿಗೆ ಹೇಳುತ್ತಿದ್ದಾನೆಂಬದೂ ಅದರಲ್ಲಿ ಬಂದೇ ಬರುತ್ತದೆ. ಅದರ ವಿಚಾರವನ್ನು ಮುಂದೆ ಮಾಡುತ್ತೇನೆ. ಮೊದಲು ಪಾಠಕ್ರಮ.

ಆರಂಭಕ್ಕೆ ಮಗುವಿನ ಕೈಯಲ್ಲಿ ಸೀಟಿ ಕೊಡಬಾರದು, ಧ್ವಜ ಕೊಡಬೇಕು. ಗೆರೆಯ ಗುಂಟ ಓಡುತ್ತ, ಚೆಂಡು ಹೊರಗೆ ಹೋದಾಗ ಧ್ವಜವೆತ್ತಿ, ಯಾರ ಪಾಲಿಗೆ ಚೆಂಡು ಎಂಬದನ್ನು ತೋರಿಸುವದು ಮೊದಲ ತಿಂಗಳಿಗೆ ಸಾಕಾದ ಕೆಲಸ. ಇದಕ್ಕೆ ಬೇಕಾದ ನಿಯಮ ಒಂದೇ. ನೆಲದ ಮೇಲಾಗಲಿ ಗಾಳಿಯಲ್ಲಾಗಲಿ ಇಡಿಯ ಚೆಂಡು ಇಡಿಯ ಗೆರೆಯನ್ನು ದಾಟಿದಾಗಲೇ ಅದು ಹೊರಗೆ. ಗೆರೆಯೂ ಬಯಲಿನ ಭಾಗವೇ. ಚೆಂಡು ಆಚೆಗೆ ನೆಲ ಮುಟ್ಟಿದ್ದರೂ ಅದರ ಹೊಟ್ಟೆಯ ಒಂದಂಚು ಗೆರೆಯ ಮೇಲೆ ಚಾಚಿಕೊಂಡಿದ್ದರೆ ಆಟ ನಡೆಯುತ್ತಲೇ ಇರುತ್ತದೆ. ಮಾತಿನಿಂದ ಇದು ತಲೆಗೆ ಹತ್ತುವದಿಲ್ಲ. ನಾನು ಅಂಗಳದಲ್ಲಿ ರಂಗೋಲಿಯಿಂದ ಒಂದು ದಪ್ಪ ಗೆರೆ ಎಳೆದು ಅದರ ಮೇಲೆ ಲಿಂಬಿಹಣ್ಣನ್ನು ಕೂದಲೆಳೆಯಷ್ಟು ಸರಿಸುತ್ತ, ಮೇಲಿನಿಂದ ನೋಡೆಂದು ತಮ್ಮನಿಗೆ ಹೇಳಿದೆನು. ಅರ್ಧ ತಾಸಿನಲ್ಲಿ ತಿಳಿಯಿತು. ಬದಿಯಿಂದ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ಆದುದರಿಂದ ಗೆರೆಯ ನೇರಕ್ಕೆ ನಿಲ್ಲಬೇಕು ಎಂಬದನ್ನು ಅವನೇ ಕಂಡುಕೊಂಡನು.

ಎರಡನೆಯದಾಗಿ, ಪಂದ್ಯವನ್ನು ಮಗುವಿಗೆ ತಕ್ಕಂತೆ ಕಿರಿದು ಮಾಡಬೇಕು. ದೊಡ್ಡವರ ಆಟವು 45 ನಿಮಿಷದ ಎರಡು ಭಾಗಗಳಲ್ಲಿ ನಡೆಯುತ್ತದೆ. ಆ ಹೊತ್ತಿನಲ್ಲಿ ಪಂಚನಾದವನು ಸಾಮಾನ್ಯವಾಗಿ 10 ಕಿಲೋಮೀಟರಿನ ಆಸುಪಾಸು ಓಡಿರುತ್ತಾನೆ. ಎಳೆಯರಿಗೆ ಇದು ಸಲ್ಲದು. ಎಳೆಯರ ಆಟದಲ್ಲಿ ಬಯಲಿನ ಅಳತೆ, ಚೆಂಡಿನ ಗಾತ್ರ, ಗೋಲಿನ ಅಗಲ, ಆಟದ ಅವಧಿ ಇವುಗಳನ್ನು ಬದಲಿಸಿಕೊಳ್ಳಲು ನಿಯಮಗಳ ಪುಸ್ತಕವೇ ಅವಕಾಶ ಕೊಟ್ಟಿದೆ. ಐದೈದು ಅಥವಾ ಏಳೇಳು ಜನರ ತಂಡ, ಹತ್ತು-ಹನ್ನೆರಡು ನಿಮಿಷದ ಎರಡು ಭಾಗಗಳು ಆರಂಭಕ್ಕೆ ಯೋಗ್ಯ. ಆಡುವವರು ಪಂಚನಿಗಿಂತ ಎರಡು-ಮೂರು ವರ್ಷ ಚಿಕ್ಕವರಿರಬೇಕು. ಓರಗೆಯವರ ಪಂದ್ಯವನ್ನು ನಡೆಸಲು ಹೋದರೆ ನಾಳೆಯ ಶಾಲೆಯ ಗೆಳೆತನವು ಇಂದಿನ ತೀರ್ಪಿನೊಳಗೆ ಕೈಹಾಕುತ್ತದೆ.

ನಿಯಮಗಳು ಒಟ್ಟು 17. ಮಗುವಿನ ಮುಂದೆ ಎಲ್ಲವನ್ನೂ ಒಮ್ಮೆಲೆ ಸುರಿದರೆ ಅದು ಮಗ್ಗಿಯಂತೆ ಒಪ್ಪಿಸುವದೇ ಹೊರತು ಬಯಲಲ್ಲಿ ಉಪಯೋಗಿಸಲಾರದು. ಆಟ ಹೂಡುವದು, ಥ್ರೋ-ಇನ್, ಗೋಲ್ ಕಿಕ್ ಮತ್ತು ಕಾರ್ನರ್, ತಪ್ಪು ಒದೆತ-ತಳ್ಳಾಟ, ಕೈಗೆ ಚೆಂಡು ತಾಗುವದು, ಈ ಐದು ಮೊದಲು ಬರಲಿ. ಇವುಗಳಲ್ಲಿ ತಪ್ಪು ಒದೆತದ ತೂಕವನ್ನು ಅರಿಯುವದೇ ಕಠಿಣ. ನಿಯಮವು ಅದಕ್ಕೆ ಮೂರು ಮೆಟ್ಟಿಲು ಇಟ್ಟಿದೆ. ಎಚ್ಚರವಿಲ್ಲದೆ ಆದ ತಪ್ಪಿಗೆ ಫ್ರೀ ಕಿಕ್ ಮಾತ್ರ. ಎದುರಿನವನಿಗೆ ಪೆಟ್ಟಾದೀತೆಂಬ ಪರಿವೆಯಿಲ್ಲದೆ ನುಗ್ಗಿದರೆ ಫ್ರೀ ಕಿಕ್ಕಿನ ಜೊತೆಗೆ ಹಳದಿ ಚೀಟಿ. ಮಿತಿಮೀರಿದ ಬಲದಿಂದ ಅಪಾಯ ತಂದರೆ ಕೆಂಪು ಚೀಟಿ, ಅಂದರೆ ಬಯಲಿನಿಂದ ಹೊರಗೆ. ಕೈಯ ವಿಷಯದಲ್ಲಿ ಹುಡುಗರ ತಿಳುವಳಿಕೆ ಪೂರ್ತಿ ತಪ್ಪು. ಚೆಂಡು ಕೈಗೆ ತಾಗಿದ ಕೂಡಲೆ ಇಡೀ ಬಯಲೇ ಕೂಗುತ್ತದೆ. ತಾಗಿದ್ದೆಲ್ಲ ಅಪರಾಧವಲ್ಲ. ಬೇಕೆಂದು ಮುಟ್ಟಿದನೇ, ಇಲ್ಲವೆ ಕೈಯನ್ನು ಸಹಜವಲ್ಲದ ರೀತಿಯಲ್ಲಿ ಚಾಚಿ ಮೈಯನ್ನು ಅಗಲ ಮಾಡಿಕೊಂಡಿದ್ದನೇ ಎಂಬದನ್ನು ಮುಖ್ಯವಾಗಿ ನೋಡಬೇಕು.

ಆಫ್‌ಸೈಡ್ ಎಂಬ ನಿಯಮವನ್ನು ಕಡೆಗೆ ಕಲಿಸಬೇಕು. ಎದುರು ತಂಡದ ಅರ್ಧದಲ್ಲಿ, ಚೆಂಡಿಗಿಂತಲೂ ಎದುರಿನವರ ಕೊನೆಯಿಂದ ಎರಡನೆಯವನಿಗಿಂತಲೂ ಗೋಲುಗೆರೆಗೆ ಹತ್ತಿರವಿದ್ದರೆ ಆ ಆಟಗಾರನು ಆಫ್‌ಸೈಡ್ ಸ್ಥಾನದಲ್ಲಿದ್ದಾನೆ. ಅಲ್ಲಿ ನಿಂತದ್ದೇ ತಪ್ಪಲ್ಲ; ತನ್ನವನು ಚೆಂಡನ್ನು ಒದ್ದ ಗಳಿಗೆಯಲ್ಲಿ ಅಲ್ಲಿದ್ದು, ಆಮೇಲೆ ಆಟದಲ್ಲಿ ಕೈಹಾಕಿದರೆ ತಪ್ಪು. ಥ್ರೋ-ಇನ್, ಗೋಲ್ ಕಿಕ್, ಕಾರ್ನರುಗಳಿಂದ ನೇರ ಬಂದ ಚೆಂಡಿಗೆ ಈ ನಿಯಮವಿಲ್ಲ. ನಾವು ಇದನ್ನು ಚಪ್ಪಡಿಯ ಮೇಲೆ ಹುಣಸೆಬೀಜ ಮತ್ತು ಗೋವಿನಜೋಳದ ಕಾಳುಗಳನ್ನು ಎರಡು ತಂಡ ಮಾಡಿ ಆಡಿದೆವು. ಚೌಕಾಬಾರದಂತೆ ಕುಳಿತ ನಮ್ಮನ್ನು ನೋಡಿ ಅವ್ವನೂ ಬಂದು ಸೇರಿಕೊಂಡಳು. ಮೂರು ದಿನಗಳ ಮೇಲೆ ಆಫ್‌ಸೈಡನ್ನು ಅವಳು ನನಗಿಂತ ಬೇಗ ಹಿಡಿಯುತ್ತಿದ್ದಳು.

ಅದೇ ಚಪ್ಪಡಿಯ ಮೇಲೆ ಪಂಚನು ಓಡುವ ದಾರಿಯನ್ನೂ ತೋರಿಸಬಹುದು. ಅನುಭವವಿಲ್ಲದವನು ಚೆಂಡಿನ ಹಿಂದೆಯೇ ಓಡಿ, ದಣಿದು, ಕಡೆಗೆ ಆಟಗಾರರ ಬೆನ್ನುಗಳನ್ನಷ್ಟೇ ನೋಡುತ್ತಾನೆ. ಬಯಲಿನ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಓಡುವದು, ಸಹಾಯಕರಿಬ್ಬರೂ ಉಳಿದ ಎರಡು ಬದಿಗಳಲ್ಲಿ ಅರ್ಧರ್ಧ ಗೆರೆಯನ್ನು ಕಾಯುವದು, ಹೀಗೆ ಆಟವು ಯಾವಾಗಲೂ ಎರಡು ಜೊತೆ ಕಣ್ಣುಗಳ ನಡುವೆ ಇರುವದು ಈಗಿನ ಪದ್ಧತಿ. ಇದನ್ನು ಪ್ರಚಾರಕ್ಕೆ ತಂದವರು ಇಂಗ್ಲೆಂಡಿನ ಸ್ಟ್ಯಾನ್ಲಿ ರೌಸ್. ತಾವೇ ಪಂಚರಾಗಿ ಹೆಸರಾದ ಅವರು 1938ರಲ್ಲಿ ನಿಯಮಗಳನ್ನು ತಿದ್ದಿ ಬರೆದರು. ಮುಂದೆ 1961ರಿಂದ 1974ರ ವರೆಗೆ ಜಾಗತಿಕ ಸಂಸ್ಥೆಯಾದ ಫಿಫಾದ ಅಧ್ಯಕ್ಷರಾಗಿದ್ದರು.

ಈ ಎಲ್ಲ ಅಭ್ಯಾಸವಾದ ಮೇಲೆ ಸೀಟಿ. ಅದನ್ನು ಊದುವದಕ್ಕೂ ತಾಲೀಮು ಬೇಕು. ಹೆದರಿದ ಹುಡುಗನ ಸೀಟಿ ಹೆದರಿದಂತೆಯೇ ಕೇಳುತ್ತದೆ. ಆಟಗಾರರು ಅದನ್ನು ತತ್ಕ್ಷಣ ಗುರುತಿಸುತ್ತಾರೆ. ತುಟಿಯಿಂದಲ್ಲ, ಹೊಟ್ಟೆಯಿಂದ ಉಸಿರು ತಂದು ಒಮ್ಮೆ ಚುರುಕಾಗಿ ಊದಿ ನಿಲ್ಲಿಸಬೇಕು. ನನ್ನ ತಮ್ಮನು ಹಿತ್ತಲಲ್ಲಿ ಊದಿದಾಗ ಕಲಘಟಗಿಯ ಬಸ್ಸು ಬಂತೇನೋ ಎಂದು ಮಗ್ಗುಲ ಮನೆಯ ಅಜ್ಜಿ ಚೀಲ ಹಿಡಿದು ಹೊರಗೆ ಬಂದಳು. ಆ ಮೇಲೆ ಅಭ್ಯಾಸವು ಊರ ಹೊರಗೆ ನಡೆಯಿತು. ಎಲ್ಲದಕ್ಕೂ ಊದಬೇಕೆಂದಿಲ್ಲ. ಆಟ ಹೂಡುವಾಗ, ತಪ್ಪಿಗಾಗಿ ಆಟ ನಿಲ್ಲಿಸುವಾಗ, ಪೆನಾಲ್ಟಿ ಒದೆಸುವಾಗ, ಅವಧಿ ಮುಗಿದಾಗ ಊದಬೇಕು. ಚೆಂಡು ಎಲ್ಲರಿಗೂ ಕಾಣುವಂತೆ ಹೊರಗೆ ಹೋದರೆ ಕೈ ತೋರಿಸಿದರಾಯಿತು. ಬಹಳ ಊದುವವನ ಸೀಟಿಗೆ ಬೆಲೆ ಇಳಿಯುತ್ತದೆ.

ಊದದೆ ಕಾಯುವದು ಊದುವದಕ್ಕಿಂತ ಹೆಚ್ಚಿನ ವಿದ್ಯೆ. ಒಬ್ಬನ ಕಾಲಿಗೆ ಅಡ್ಡಗಾಲು ಬಿತ್ತು, ಆದರೂ ಚೆಂಡು ಅವನ ಜೊತೆಗಾರನಿಗೇ ಸಿಕ್ಕಿ ಗೋಲಿನ ದಾರಿ ತೆರೆದಿದೆ. ಆಗ ಸೀಟಿ ಊದಿದರೆ ತಪ್ಪು ಮಾಡಿದವನಿಗೇ ಲಾಭ. ಅದಕ್ಕಾಗಿ ಪಂಚನು ಕೈ ಮುಂದೆ ಚಾಚಿ ಆಟ ನಡೆಯಲೆಂದು ಸೂಚಿಸುತ್ತಾನೆ. ನಿರೀಕ್ಷಿಸಿದ ಲಾಭವು ಕೆಲವು ಸೆಕೆಂದುಗಳಲ್ಲಿ ಸಿಗದಿದ್ದರೆ ಹಿಂದಿನ ತಪ್ಪಿಗೆ ಮರಳಿ ಬರಬಹುದು. ಅನ್ಯಾಯ ಕಂಡ ಕೂಡಲೆ ಕೂಗುವದು ಸುಲಭ; ಅನ್ಯಾಯವಾದವನಿಗೆ ಏನು ಹಿತವೆಂದು ಎರಡು ಉಸಿರು ವಿಚಾರ ಮಾಡುವದು ಕಠಿಣ. ಹದಿಮೂರು ವರ್ಷದ ಮಗುವಿಗೆ ಇಂಥ ಪಾಠವನ್ನು ಬೇರೆ ಯಾವ ತರಗತಿಯಲ್ಲಿ ಕಲಿಸೋಣ?

ಮಗುವಿಗೆ ಹೇಳಲೇಬೇಕಾದ ಮತ್ತೆರಡು ಮಾತುಗಳಿವೆ. ಒಂದು, ಮೈಯ ಸುರಕ್ಷಿತತೆ ಗೋಲಿಗಿಂತ ದೊಡ್ಡದು. ತಲೆಗೆ ಪೆಟ್ಟಾದರೆ ಆಟ ಎಲ್ಲಿದ್ದರೂ ನಿಲ್ಲಿಸಬೇಕು. ಎಪ್ರಿಲ್-ಮೇ ತಿಂಗಳ ಸಂಜೆ ನಮ್ಮಲ್ಲಿ ಗುಡುಗು-ಮಿಂಚಿನ ಮಳೆ ಬರುತ್ತದೆ. ಮೊದಲ ಗುಡುಗಿಗೇ ಎಲ್ಲರನ್ನೂ ಬಯಲಿನಿಂದ ಕಳಿಸಬೇಕು, ಗಿಡದ ಕೆಳಗೆ ನಿಲ್ಲಗೊಡಬಾರದು. ಗೋಲಿನ ಕಂಬಗಳು ಗಟ್ಟಿಯಾಗಿ ನಿಂತಿವೆಯೇ ಎಂದು ಆಟಕ್ಕೆ ಮೊದಲು ಕೈಯಿಂದ ಅಲುಗಿಸಿ ನೋಡಬೇಕು. ಇನ್ನೊಂದು, ತಪ್ಪುಗಳು ಆಗುತ್ತವೆ. ಆಟ ಮತ್ತೆ ಆರಂಭವಾಗುವ ಮೊದಲು ತನ್ನ ತೀರ್ಪು ತಪ್ಪೆಂದು ತಿಳಿದರೆ ತಿದ್ದಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಆರಂಭವಾದ ಮೇಲೆ ಅದು ಮುಗಿದ ಮಾತು. ಆಗ ಎಳೆಯ ಪಂಚನ ಮನಸ್ಸಿಗೆ ಒಂದು ಆಸೆ ಬರುತ್ತದೆ: ಆ ತಂಡಕ್ಕೆ ಅನ್ಯಾಯವಾಯಿತು, ಮುಂದಿನದನ್ನು ಅವರ ಕಡೆಗೆ ಕೊಟ್ಟು ಸರಿತೂಗಿಸೋಣ. ಇದಕ್ಕೆ ಎಂದೂ ಎಡೆಗೊಡಬಾರದು. ಒಂದು ತಪ್ಪು ಕಣ್ಣಿನದು. ಅದನ್ನು ಸರಿಮಾಡಲು ಮಾಡಿದ ಎರಡನೆಯ ತಪ್ಪು ಮನಸ್ಸಿನದು. ಮೊದಲನೆಯದನ್ನು ಜನ ಕ್ಷಮಿಸುತ್ತಾರೆ.

ಇಷ್ಟೆಲ್ಲ ಕಲಿಸಲು ನಮಗೆ ಎರಡು-ಮೂರು ತಿಂಗಳು ಸಾಕಾಯಿತು. ಆದರೆ ಎಳೆಯ ಪಂಚರು ಸೀಟಿಯನ್ನು ಕೆಳಗಿಡುವದು ನಿಯಮ ತಿಳಿಯದ್ದರಿಂದಲ್ಲ. ಗೆರೆಯ ಹೊರಗೆ ನಿಂತ ದೊಡ್ಡವರ ಬಾಯಿಯಿಂದ. ಇದು ನಮ್ಮೂರಿನದಷ್ಟೇ ರೋಗವಲ್ಲ. ಆಟ ಹುಟ್ಟಿದ ಇಂಗ್ಲೆಂಡಿನಲ್ಲಿಯೇ ಸ್ಥಾನಿಕ ಪಂದ್ಯಗಳ ಪಂಚರಿಗೆ ಬೈಗಳು, ಹೊಡೆತ ಹೆಚ್ಚಾದುದರಿಂದ 2023ರಲ್ಲಿ ಕೆಲವು ಪಂಚರ ಎದೆಗೆ ಸಣ್ಣ ಕ್ಯಾಮರಾ ಕಟ್ಟಿಸುವ ಪ್ರಯೋಗವನ್ನು ಅಲ್ಲಿಯ ಸಂಸ್ಥೆಯು ಆರಂಭಿಸಿತು. ಅಲ್ಲಿಯ ಕೆಲವು ಜಿಲ್ಲೆಗಳಲ್ಲಿ ಹದಿನೆಂಟು ತುಂಬದ ಪಂಚರು ತೋಳಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ. "ನೀವು ಬೈಯುತ್ತಿರುವದು ಒಂದು ಮಗುವಿಗೆ" ಎಂಬದಷ್ಟೇ ಅದರ ಅರ್ಥ. ನಾವೂ ತಮ್ಮನ ತೋಳಿಗೆ ಹಳದಿ ಪಟ್ಟಿಯೊಂದನ್ನು ಕಟ್ಟಿದೆವು.

ಕಳೆದ ಬೇಸಿಗೆಯ ರಜೆಯಲ್ಲಿ ಊರ ಹುಡುಗರಿಗೂ ಬಡಾವಣೆಯ ಹುಡುಗರಿಗೂ ಏಳೇಳು ಜನರ ಪಂದ್ಯ ಇತ್ತು. ತಮ್ಮನು ಪಂಚ, ನಾನು ಒಂದು ಬದಿಗೆ ಧ್ವಜ ಹಿಡಿದಿದ್ದೆನು, ಇನ್ನೊಂದು ಬದಿಗೆ ಅವನದೇ ತರಗತಿಯ ಹುಡುಗಿಯೊಬ್ಬಳು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಗೋಲಿನ ಮುಂದೆ ಒಬ್ಬ ಹುಡುಗ ಇನ್ನೊಬ್ಬನನ್ನು ಹಿಂದಿನಿಂದ ಕೆಡವಿದನು. ತಮ್ಮನು ಸೀಟಿ ಊದಿ ಪೆನಾಲ್ಟಿಯ ಕಡೆಗೆ ಕೈ ತೋರಿಸಿದನು. ಕೆಡವಿದವನು ಊರಿನ ದೊಡ್ಡ ಹಿರಿಯರೊಬ್ಬರ ಮೊಮ್ಮಗ. ಅವರ ಹೊಲವನ್ನು ನಮ್ಮ ಅಪ್ಪ ಪಾಲಿಗೆ ಮಾಡುತ್ತಾರೆ. ಹಿರಿಯರು ಗೆರೆ ದಾಟಿ ಒಳಗೆ ಬಂದರು.

"ಏ ತಮ್ಮಾ, ಯಾರ ಮ್ಯಾಲ ಸೀಟಿ ಊದಾಕತ್ತಿ, ಗೊತ್ತೈತೇನು? ನಿಮ್ಮಪ್ಪಗ ಹೇಳತೇನಿ ತಡಿ."

ನಿಯಮದ ಪ್ರಕಾರ ಹೊರಗಿನವರು ಅಡ್ಡಬಂದರೆ ಪಂಚನು ಆಟವನ್ನು ನಿಲ್ಲಿಸಬಹುದು, ರದ್ದೂ ಮಾಡಬಹುದು. ಆದರೆ ಹದಿಮೂರು ವರ್ಷದವನಿಗೆ ಆ ಹೊತ್ತಿನಲ್ಲಿ ಪುಸ್ತಕದ ಅಧಿಕಾರ ನೆನಪಾಗುವದಿಲ್ಲ. ನಾನು ಅವನ ಹತ್ತಿರ ಹೋಗಿ ನಿಂತೆನು. ಪೆನಾಲ್ಟಿ ಹೌದೋ ಅಲ್ಲವೋ ಎಂಬದನ್ನು ನಾನು ಹೇಳಲಿಲ್ಲ. ಅದು ನನ್ನ ಕೆಲಸವಾಗಿರಲಿಲ್ಲ. "ಕಾಕಾರ, ಆಟ ಮುಗಿಯೂತನಕಾ ಒಳಗ ಬರೂದು ಬ್ಯಾಡ್ರಿ. ಅಂವಾ ಹೇಳಿದ್ದ ಆತು" ಎಂದಷ್ಟೇ ಹೇಳಿದೆನು. ಆ ಬದಿಯ ಹುಡುಗಿಯೂ ಧ್ವಜ ಹಿಡಿದು ನಡೆದು ಬಂದು ಅವನ ಇನ್ನೊಂದು ಮಗ್ಗುಲಿಗೆ ನಿಂತಳು. ಹಿರಿಯರು ಬೈಯುತ್ತಲೇ ಹೊರಗೆ ಹೋದರು. ಪೆನಾಲ್ಟಿ ಒದ್ದದ್ದಾಯಿತು, ಗೋಲಿಯು ಅದನ್ನು ಹಿಡಿದನು. ಗೋಲೇ ಆಗಲಿಲ್ಲವೆಂಬದನ್ನು ಆಮೇಲೆ ಯಾರೂ ನೆನೆಯಲಿಲ್ಲ.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದರು.

"ಯಾರ ಮೊಮ್ಮಗ ಅಂತ ಗೊತ್ತಿತ್ತೇನು?"

"ಗೊತ್ತಿತ್ತಪ್ಪಾ."

"ಕೆಡವಿದ್ದು ಗೆರೀ ಒಳಗೋ, ಹೊರಗೋ?"

"ಒಳಗ."

"ಹಂಗಾರ ಆತು. ಕೈಕಾಲ ತೊಳಕೊಂಡು ಉಣ್ಣಾಕ ಬಾ."

ಹೊಲ ಈ ವರ್ಷವೂ ನಮ್ಮ ಕೈಯಲ್ಲಿದೆ. ಮುಂದಿನ ಮಾತು ಯುಗಾದಿಗೆ. ಆ ಹಿರಿಯರು ಮತ್ತೆ ಬಯಲಿಗೆ ಬಂದಿಲ್ಲ. ಅವರ ಮೊಮ್ಮಗ ಬರುತ್ತಾನೆ.

ಪಂಚನ ಅಧಿಕಾರವು ಸೀಟಿಯಲ್ಲಿಲ್ಲ, ಹಳದಿ-ಕೆಂಪು ಚೀಟಿಗಳಲ್ಲಿಯೂ ಇಲ್ಲ. ಚೀಟಿಗಳ ಕಥೆಯನ್ನೇ ನೋಡಿರಿ. 1966ರ ವಿಶ್ವಕಪ್ಪಿನಲ್ಲಿ ಇಂಗ್ಲೆಂಡು ಮತ್ತು ಅರ್ಜೆಂಟೀನಾಗಳ ಪಂದ್ಯಕ್ಕೆ 90 ಸಾವಿರದಷ್ಟು ಜನ ಸೇರಿದ್ದರು. ಜರ್ಮನ್ ಪಂಚನು ಅರ್ಜೆಂಟೀನಾದ ನಾಯಕನಿಗೆ ಹೊರಗೆ ನಡೆಯೆಂದನು. ಒಬ್ಬನ ಭಾಷೆ ಒಬ್ಬನಿಗೆ ತಿಳಿಯದು. ನಾಯಕನು ಬಹಳ ಹೊತ್ತು ಕದಲಲಿಲ್ಲ. ಪಂಚರ ಮೇಲ್ವಿಚಾರಣೆ ನೋಡುತ್ತಿದ್ದ ಕೆನ್ ಆಸ್ಟನ್ ಎಂಬವರು ಬಯಲಿಗಿಳಿದು ಅವನನ್ನು ಸಮಾಧಾನಪಡಿಸಬೇಕಾಯಿತು. ಈ ತೊಡಕಿನ ವಿಚಾರವನ್ನೇ ಮಾಡುತ್ತ ಕಾರಿನಲ್ಲಿ ಹೋಗುವಾಗ ಅವರಿಗೆ ಚೌಕದ ಸಂಚಾರ ದೀಪಗಳನ್ನು ನೋಡಿ ಹಳದಿ-ಕೆಂಪು ಚೀಟಿಗಳು ಹೊಳೆದವು; 1970ರ ಮೆಕ್ಸಿಕೋ ವಿಶ್ವಕಪ್ಪಿನಲ್ಲಿ ಅವು ಬಳಕೆಗೆ ಬಂದವು. ಜಗತ್ತಿನ ದೊಡ್ಡ ಪಂದ್ಯವನ್ನು ನಡೆಸುವ ಪಳಗಿದ ಪಂಚನಿಗೇ ಬೆಂಬಲಕ್ಕೆ ಒಬ್ಬರು ಬೇಕಾದರು. ಸತ್ತೂರ ಬಯಲಿನ ಎಂಟನೆಯ ಇಯತ್ತೆಯವನಿಗೆ ಬೇಡವೇ? ಸೀಟಿಯು ಮಗುವಿನ ಬಾಯಲ್ಲಿರುತ್ತದೆ. ಅದರ ಬಲವು ಸುತ್ತ ನಿಂತವರು ಸುಮ್ಮನಿರುವದರಲ್ಲಿ ಇರುತ್ತದೆ. ಆದುದರಿಂದ ಎಳೆಯ ಪಂಚನನ್ನು ಸಿದ್ಧಪಡಿಸುವದೆಂದರೆ ಅರ್ಧ ಕೆಲಸ ಮಗುವಿನ ಮೇಲೆ, ಅರ್ಧ ಕೆಲಸ ಹಿರಿಯರ ಮೇಲೆ.

ಈ ದೃಷ್ಟಿಯಿಂದ ನಾವು ಹಾಕಿಕೊಂಡ ಕೆಲವು ಕಟ್ಟಳೆಗಳನ್ನು ಹೇಳುತ್ತೇನೆ. ಪಂದ್ಯಕ್ಕೆ ಮೊದಲು ಎರಡೂ ಕಡೆಯ ಹಿರಿಯರನ್ನು ಕೂಡಿಸಿ, ಪಂಚನೊಡನೆ ಮಾತಾಡುವವರು ನಾಯಕರಿಬ್ಬರೇ ಎಂದು ಹೇಳಬೇಕು. ಈಗಿನ ದೊಡ್ಡ ಸ್ಪರ್ಧೆಗಳಲ್ಲಿಯೂ ಈ ಪದ್ಧತಿ ಬರುತ್ತಿದೆ. ನೋಡುವವರಿಗಾಗಿ ಆಟದ ಗೆರೆಯಿಂದ ಎರಡು ಮಾರು ಹಿಂದೆ ಇನ್ನೊಂದು ಗೆರೆ ಎಳೆಯಬೇಕು. ಮಗು ಪಂಚನಾದಾಗ ಬಲ್ಲ ಹಿರಿಯನೊಬ್ಬನು ಹತ್ತಿರ ಇರಲೇಬೇಕು; ಆದರೆ ಅವನು ಆಟದ ನಡುವೆ ಬಾಯಿ ತೆರೆಯಬಾರದು. ತಿದ್ದುವ ಮಾತುಗಳು ಮನೆಗೆ ನಡೆಯುವ ದಾರಿಯಲ್ಲಿ ಬರಲಿ, ಒಂದು ಸಂಜೆಗೆ ಎರಡೇ ಬರಲಿ. ಒಂದು ಚೆನ್ನಾಗಿ ಮಾಡಿದ್ದು, ಇನ್ನೊಂದು ತಿದ್ದಿಕೊಳ್ಳಬೇಕಾದದ್ದು. ಪಂಚನ ಚಹಾ-ಗಿರಮಿಟ್ಟಿನ ಖರ್ಚು ಎರಡೂ ತಂಡಗಳ ಕೂಡು ವರ್ಗಣಿಯಿಂದ ಬರಬೇಕು. ಒಂದೇ ತಂಡದ ಗಿರಮಿಟ್ಟು ತಿಂದವನ ತೀರ್ಪಿನ ಮೇಲೆ ಇನ್ನೊಂದು ತಂಡಕ್ಕೆ ನಂಬಿಗೆ ಬಾರದು.

ಮುಂದಿನ ದಾರಿಯೂ ತೆರೆದೇ ಇದೆ. ಶಾಲಾ ಕ್ರೀಡಾಕೂಟಗಳಲ್ಲಿ ದೈಹಿಕ ಶಿಕ್ಷಣದ ಮಾಸ್ತರರ ಕೈಕೆಳಗೆ ಧ್ವಜ ಹಿಡಿಯಬಹುದು. ವಯಸ್ಸಿಗೆ ಬಂದ ಮೇಲೆ ಬೆಂಗಳೂರಿನಲ್ಲಿ ಕೇಂದ್ರವಿರುವ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಮೂಲಕ ಪಂಚರ ಶಿಕ್ಷಣ ಮತ್ತು ಪರೀಕ್ಷೆಗಳಿಗೆ ಹೋಗಬಹುದು. ಅಲ್ಲಿ ನಿಯಮಗಳ ಜ್ಞಾನದ ಜೊತೆಗೆ ಓಟವನ್ನೂ ಪರೀಕ್ಷಿಸುತ್ತಾರೆ. ಫಿಫಾದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಲು ಪಂಚನಿಗೆ 25, ಸಹಾಯಕ ಪಂಚನಿಗೆ 23 ವರ್ಷ ತುಂಬಿರಬೇಕು. ಹದಿಮೂರರಲ್ಲಿ ಧ್ವಜ ಹಿಡಿದವನಿಗೆ ಕಲಿಯಲು ಹತ್ತು-ಹನ್ನೆರಡು ವರ್ಷಗಳ ಸಮಯವಿದೆಯೆಂದಾಯಿತು. ಹುಡುಗಿಯರಿಗೆ ಇದು ಸಲ್ಲದೆಂದು ತಿಳಿಯುವವರು ನಮ್ಮ ನೆರೆಯ ಗೋವೆಯ ಕಡೆಗೆ ನೋಡಬೇಕು. ಅಲ್ಲಿಯ ಉವೆನಾ ಫರ್ನಾಂಡಿಸ್ ಅವರು 2016ರಲ್ಲಿ ಜೋರ್ಡಾನ್ ದೇಶದಲ್ಲಿ ನಡೆದ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪಿನಲ್ಲಿ ಸಹಾಯಕ ಪಂಚರಾಗಿ ಕೆಲಸ ಮಾಡಿದರು. ನಮ್ಮ ಬಯಲಿನಲ್ಲಿ ಧ್ವಜ ಹಿಡಿದ ಹುಡುಗಿಗೆ ಈ ಹೆಸರನ್ನು ಹೇಳಿದಾಗ ಅವಳು ಅದನ್ನು ವಹಿಯ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಬರುವ ರಜೆಯಲ್ಲಿ ಸೀಟಿ ಅವಳ ಪಾಳಿ.

ಇವರೆಲ್ಲರೂ ದೊಡ್ಡ ಪಂಚರಾಗುವರೆಂದು ನಾನು ಹೇಳುವದಿಲ್ಲ. ಹೆಚ್ಚಿನವರು ಆಗುವದಿಲ್ಲ. ಅವರು ಮಾಸ್ತರರಾದಾರು, ತಲಾಠಿಗಳಾದಾರು, ಊರ ಪಂಚಾಯತಿಯಲ್ಲಿ ಕುಳಿತಾರು. ಎದುರಿಗೆ ನಿಂತವನು ಯಾರ ಮೊಮ್ಮಗನೆಂದು ನೋಡದೆ ಗೆರೆಯ ಒಳಗೋ ಹೊರಗೋ ಎಂಬದನ್ನಷ್ಟೇ ನೋಡುವ ಅಭ್ಯಾಸವು ಅಲ್ಲಿಯೂ ಬೇಕಾಗುತ್ತದೆ. ನಮ್ಮ ವಿದ್ಯಾರ್ಥಿ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. ರವಿವಾರ ಸಂಜೆ ನಿಮ್ಮ ನಿಮ್ಮ ಊರ ಬಯಲಿಗೆ ಹೋಗಿರಿ. ಅಲ್ಲಿ ಜಗಳಾಡುವ ಹುಡುಗರ ನಡುವೆ, ಆಡಲು ಅಷ್ಟೊಂದು ಬಾರದ, ಆದರೆ ಕಣ್ಣು ಚುರುಕಾದ ಒಂದು ಮಗು ನಿಂತಿರುತ್ತದೆ. ಅದರ ಕೈಗೆ ಒಂದು ಧ್ವಜ ಕೊಡಿರಿ. ಕೊಟ್ಟ ಮೇಲೆ ಅದರ ಮಗ್ಗುಲಿಗೆ ನಿಲ್ಲಿರಿ.